ಒದ್ದರೆ ನಾಣ್ಯ

ಆ ವಿಡಿಯೊ ಆಟಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟ ವಿಮರ್ಶಕರ ಕಣ್ಣಿಗೆ ಏನು ಬಡಿದಿತ್ತೋ!

ಅದನ್ನು ಮಾಡಿದ್ದು ಜಪಾನಿನ ಒಂದು ಆ್ಯನಿಮೆ, ಅಂದರೆ ಕಾರ್ಟೂನ್, ಸರಣಿಯನ್ನು ಆಧರಿಸಿ. ಶಿರಾಳಕೊಪ್ಪದ ನಮ್ಮ ಮನೆಯಲ್ಲಿ ನಾನೂ ಅಜ್ಜಿ ನಿರ್ಮಲಮ್ಮನೂ ಕೂತು ಆ ಸರಣಿಯನ್ನು ಪೂರ್ತಿ ನೋಡಿದ್ದೆವು. ಅದರ ನಾಯಕಿ ಮಿಯೋರಿ ರಾಕ್ಷಸರನ್ನು ಕೊಲ್ಲುತ್ತಾಳೆ; ಕೊಂದ ಮೇಲೆ ಹೊಳೆಯಿಂದ ನೀರು ತಂದು, ಪಕ್ಕದಲ್ಲಿ ಕೂತು, ಸತ್ತವನ ಮುಖ ತೊಳೆಯುತ್ತಾಳೆ. ಭಾಷೆ ತಿಳಿಯದ ಅಜ್ಜಿಗೆ ಅಷ್ಟೇ ಸಾಕಾಯಿತು. ನಮ್ಮ ಓಣಿಯಲ್ಲಿ ಹೆಂಗಸರು ಲಿಂಗೈಕ್ಯರಾದರೆ ಮೈ ತೊಳೆದು, ವಿಭೂತಿ ಹಚ್ಚಿ, ಕೂರಿಸುವುದಕ್ಕೆ ಕರೆಯುವುದು ಅವಳನ್ನೇ.

"ಇವಳು ನಮ್ಮಾಕಿ ಕಣೇ," ಎಂದಿದ್ದಳು. "ನಾ ಹೋದಾಗ ನನ್ನ ಮುಖ ನೀನೇ ತೊಳೀಬೇಕು, ಧನ್ಯಾ. ಹಿಂಗ, ಗಡಿಬಿಡಿ ಮಾಡದಂಗ."

ನಾನು ಆಗಲಿ ಎಂದಿದ್ದೆ.

ಆಟದಲ್ಲಿ ಮಿಯೋರಿ ಹೆಣಗಳನ್ನು ಒದೆಯುತ್ತಾಳೆ. ಒದ್ದರೆ ನಾಣ್ಯ ಉದುರುತ್ತದೆ. ನಾಣ್ಯ ಕೂಡಿಟ್ಟರೆ ಅವಳಿಗೆ ಇನ್ನೂ ಮೈ ಕಾಣುವ ತುಂಡುಬಟ್ಟೆ. ಥೂ! ವಿಮರ್ಶಕರೆಲ್ಲ ಕತ್ತಿಯ ವೇಗ, ಕಾಡಿನ ಬಣ್ಣ ಎಂದು ಹಾಡಿ ಹೊಗಳಿದರು. ಒದೆಯ ಬಗ್ಗೆ ಒಬ್ಬನೂ ಉಸಿರೆತ್ತಲಿಲ್ಲ.

ನಾನು ಎತ್ತಿದೆ. ಚಿಕ್ಕಪ್ಪನ ಮಗ ಕೊಟ್ರೇಶನೂ ನಾನೂ ಕನ್ನಡದಲ್ಲಿ ಆಟಗಳ ವಿಮರ್ಶೆಯ ಚಾನೆಲ್ ನಡೆಸುತ್ತೇವೆ. ಮಾತು ನನ್ನದು, ಎಡಿಟಿಂಗ್ ಅವನದು. ಮೈಕ್ ಮುಂದೆ ಮನಸಾರೆ ಬೈದು, ರೆಕಾರ್ಡಿಂಗನ್ನು ಅವನ ಕೈಗೆ ಕೊಟ್ಟು, ಗೆಳತಿ ಶ್ರೀಲತಾಳ ಸೀಮಂತಕ್ಕೆಂದು ಸೊರಬಕ್ಕೆ ಹೋದೆ.

ಮರುದಿನ ಶ್ರೀಲತಾ ಮೊಬೈಲಿನಲ್ಲಿ ನಮ್ಮ ವಿಡಿಯೊ ಹಾಕಿಕೊಂಡು ಬಂದಳು. "ಎಂತದೇ ಮಾರಾಯ್ತಿ, ಈ ಪಾಟಿ ಹೊಗಳಿದೀಯಲ್ಲ?"

'ಇದು ಅದ್ಭುತ ಅಂತ ಬರೆದವರಿಗೆ ನಾಚಿಕೆಯಾಗಬೇಕು' ಎಂದು ನಾನು ಹೇಳಿದ್ದೆ. ವಿಡಿಯೊದಲ್ಲಿ 'ಇದು ಅದ್ಭುತ' ಎನ್ನುವುದಷ್ಟೇ ಉಳಿದಿತ್ತು. ಹೀಗೇ ಕತ್ತರಿಸಿ, ಅಂಟಿಸಿ, ಕೊಟ್ರೇಶ ನನ್ನ ಬಾಯಿಂದಲೇ ಆ ಹೊಲಸನ್ನು ಹೊಗಳಿಸಿದ್ದ. ಸಿಕ್ಕ ಬಸ್ಸು ಹತ್ತಿದೆ.

ಮನೆಯಲ್ಲಿ ಟಿವಿ ಮುಂದೆ ಅಜ್ಜಿ ಕೂತಿದ್ದಳು. ನಾನು ಹೊಗಳಿದ್ದನ್ನು ಕೇಳಿ, ಮಿಯೋರಿಯನ್ನು ತೋರಿಸು ಎಂದು ಕೊಟ್ರೇಶನಿಗೆ ಅವಳೇ ಗಂಟು ಬಿದ್ದಿದ್ದಳಂತೆ. ಅವನು ಹುರುಪಿನಿಂದ ಆಡುತ್ತಿದ್ದ. ಮಿಯೋರಿ ಒಂದು ಹೆಣದ ಮುಖಕ್ಕೇ ಒದ್ದಳು. ನಾಣ್ಯಗಳು ಝಣಝಣ ಉದುರಿದವು.

ಅಜ್ಜಿ ನನ್ನ ಕಡೆ ತಿರುಗಿದಳು. "ಇದನ್ನ ಚಲೋ ಐತಿ ಅಂದ್ಯಾ ನೀನು? ಹಂಗಾರ ನನ್ನ ಮುಖ ನೀ ತೊಳಿಯೋದು ಬ್ಯಾಡ, ಬಿಡು."

ನಾನು ಬೈದದ್ದನ್ನು ಯಾಕೆ ಕತ್ತರಿಸಿದೆ ಎಂದು ಕೊಟ್ರೇಶನನ್ನು ಕೇಳಿದೆ.

"ಬೈದ್ರ ಕಂಪನಿಯೋರು ಮುಂದಿನ ಆಟ ಪುಕ್ಕಟೆ ಕಳಸಂಗಿಲ್ಲ," ಎಂದ ಕೊಟ್ರೇಶ, ಕಣ್ಣು ಟಿವಿಯಿಂದ ಕೀಳದೆ. "ಎಲ್ರೂ ಹೊಗಳ್ಯಾರ. ನಾವಷ್ಟ ಯಾಕ ಕೆಟ್ಟೋರಾಗ್ಬೇಕು?"

ಅವನ ಲ್ಯಾಪ್‌ಟಾಪ್ ಎಳೆದುಕೊಂಡು, ನಾನು ಮೊದಲು ಮಾತಾಡಿದ್ದನ್ನು ಗಟ್ಟಿಯಾಗಿ ಹಾಕಿದೆ. ಅಜ್ಜಿ ಕೊನೆಯ ಬೈಗುಳದವರೆಗೂ ಕೇಳಿದಳು.

"ಇದನ್ನ ಮಂದಿ ಕೇಳಿಲ್ಲೇನು?"

"ಇಲ್ಲ ಅಜ್ಜಿ."

"ಕೇಳ್ಸು."

ಅವನು ಹಾಕಿದ್ದನ್ನು ಅಳಿಸಿ, ಒಂದು ಮಾತನ್ನೂ ಕತ್ತರಿಸದೆ ನನ್ನದನ್ನು ಹಾಕಿದೆ. ಚಾನೆಲ್ ಮಣ್ಣುಪಾಲಾಯಿತು ಎಂದು ಕೊಟ್ರೇಶ ಕೂಗಾಡಿದ.

ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು. "ಮುಖ ನೀನೇ ತೊಳಿ," ಎಂದಳು ನನಗೆ. ಆಮೇಲೆ ಅವನನ್ನು ನೋಡಿದಳು. "ನೀ ಮಾತ್ರ ಅವತ್ತು ಹೊರಗ ನಿಂದ್ರು. ನನ್ನ ಒದ್ರ ಏನೂ ಉದುರಂಗಿಲ್ಲ."