ಅಣ್ಣನಿಗೊಂದು ಕ್ಯಾಮೆರಾ ಬಾಡಿ

ನಮ್ಮ ಮನೆಯಲ್ಲಿ ನನಗೆ ರೇಡಿಯೋ ಅಂತ ಹೆಸರು. ಯಾರಾದರೂ ಬಾಯಿತಪ್ಪಿ ಕ್ಯಾಮೆರಾ ಅಂದರೆ ಸಾಕು, ಆಮೇಲೆ ನನ್ನನ್ನು ಆಫ್ ಮಾಡೋ ಗುಂಡಿ ಯಾರಿಗೂ ಸಿಗೋದಿಲ್ಲ. ಹಾಗಾಗಿ ಅಣ್ಣ ಫೋನ್ ಮಾಡಿ, "ನನಗೂ ಒಂದು ಕ್ಯಾಮೆರಾ ಆರಿಸಿಕೊಡೋ, ಹಕ್ಕಿ ಫೋಟೋ ತೆಗೀಬೇಕು" ಅಂದಾಗ ನಾನು ಕುಣಿದಾಡಿಬಿಟ್ಟೆ. ಅಣ್ಣ ಹಲ್ಲಿನ ಡಾಕ್ಟರು. ಬೆಳಗಾದರೆ ಜನರ ಬಾಯಿ ಬಿಟ್ಟು ಬೇರೆ ಏನನ್ನೂ ನೋಡದ ಮನುಷ್ಯ, ಈಗ ಹಕ್ಕಿ ನೋಡ್ತಾನಂತೆ! ಯಾಕೆ ಇದ್ದಕ್ಕಿದ್ದ ಹಾಗೆ ಅಂತ ಕೇಳಬೇಕು ಅನ್ನೋ ಬುದ್ಧಿ ನನಗೆ ಬರಲಿಲ್ಲ.

ನನ್ನ ಹಳೇ ಉದ್ದ ಲೆನ್ಸನ್ನೇ ಅವನಿಗೆ ಕೊಡೋದು, ಬಾಡಿ ಮಾತ್ರ ಹೊಸದು ತಗೊಳ್ಳೋದು ಅಂತ ತೀರ್ಮಾನ ಆಯಿತು. ಅಂಗಡಿಗೆ ಹೋಗೋ ದಾರಿಯಲ್ಲಿ ನಾನು ಬಿಡುವಿಲ್ಲದೆ ಉಪದೇಶ ಕೊಟ್ಟೆ. ಯಾವ ಬಾಡಿ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತೆ, ಯಾವುದು ರೆಕ್ಕೆ ಬಡಿಯೋದರೊಳಗೆ ರಾಶಿ ಫೋಟೋ ಹೊಡೆಯುತ್ತೆ, ಎಲ್ಲಾ.

ಅಣ್ಣ ಒಂದೇ ಒಂದು ಪ್ರಶ್ನೆ ಕೇಳಿದ. "ಈ ಬಾಡಿ ಒಳಗೇ ಸ್ಟೆಬಿಲೈಸೇಶನ್ ಅಂತ ಇರುತ್ತಂತಲ್ಲ, ಅದು ಯಾವುದರಲ್ಲಿ ಚೆನ್ನಾಗಿದೆ?"

"ಅಯ್ಯೋ, ಅದು ಚಿತ್ರ ಅಲುಗದ ಹಾಗೆ ನೋಡ್ಕೊಳ್ಳುತ್ತೆ ಅಷ್ಟೇ, ಕೈ ನಡುಗೋ ಮುದುಕರಿಗೆ ಕಣೋ! ಹಾರೋ ಹಕ್ಕಿಗೆ ಬೇಕಾಗಿರೋದು ಶಟರ್ ಸ್ಪೀಡು. ಹಲ್ಲು ಕೀಳೋ ಕೈ ನಿಂದು, ನಿನಗ್ಯಾಕೆ ಅದು?"

ಅವನ ಉತ್ತರಕ್ಕೂ ಕಾಯದೆ ನಾನು ಮುಂದುವರಿಸಿದೆ.

ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋಗೆ ಬಂದವರು ಒಂದಿಷ್ಟು ಜನ ಬೆಂಚಿನ ಮೇಲೆ ಕೂತಿದ್ದರು. ಅವರಲ್ಲೊಬ್ಬ ಹೆಂಗಸು ಎದ್ದು ಅಣ್ಣನಿಗೆ ನಮಸ್ಕಾರ ಮಾಡಿದರು. ಒಂದು ಕೆನ್ನೆ ಚೆಂಡಿನ ಹಾಗೆ ಊದಿತ್ತು. "ನಾಳೆ ಬರ್ತೀನಿ ಡಾಕ್ಟ್ರೇ. ನನಗೆ ಕೀಳಿಸ್ಕೊಳ್ಳೋದು ಅಂದ್ರೆ ಜೀವಭಯ, ನಿಮ್ಮ ಕೈ ಅಂತ ಧೈರ್ಯ" ಅಂದರು. ಅಣ್ಣ ತಲೆಯಾಡಿಸಿದ.

ಅಂಗಡಿಯವನು ಎರಡು ಬಾಡಿ ತೆಗೆದಿಟ್ಟ. ಒಂದು ನಾನು ಹೇಳಿದ್ದು, ಇನ್ನೊಂದು ಅಣ್ಣ ಕೇಳಿದ ಸ್ಟೆಬಿಲೈಸೇಶನ್ ಚೆನ್ನಾಗಿರೋದು. ಅಣ್ಣನ ಕೈ ಆ ಎರಡನೇದರ ಕಡೆಗೇ ಹೋಯಿತು. ನನಗೆ ರೇಗಿತು. ಇಷ್ಟು ವರ್ಷ ಹಕ್ಕಿ ಹಿಂದೆ ಅಲೆದವನು ನಾನು, ಇವನು ಎಲ್ಲೋ ಓದಿಕೊಂಡು ಬಂದು ನನಗೇ ಹೇಳ್ತಾನಲ್ಲ ಅಂತ. ಗೋಡೆಯ ಮೇಲೆ ದೊಡ್ಡ ಟಿವಿ ಇತ್ತು. ಕ್ಯಾಮೆರಾಗೆ ವೈರ್ ಸಿಕ್ಕಿಸಿದರೆ ಅದಕ್ಕೆ ಕಾಣೋದೆಲ್ಲ ಟಿವಿಯಲ್ಲೂ ಕಾಣುತ್ತೆ. ಆ ಎರಡನೇ ಬಾಡಿಗೇ ನನ್ನ ಲೆನ್ಸ್ ಹಾಕಿದೆ, ವೈರ್ ಸಿಕ್ಕಿಸಿದೆ, ಸ್ಟೆಬಿಲೈಸೇಶನ್ ಆಫ್ ಮಾಡಿದೆ. ಅದಿಲ್ಲದಿದ್ದರೂ ಏನೂ ಮುಳುಗಿಹೋಗಲ್ಲ ಅಂತ ಎಲ್ಲರೆದುರು ಸಾಬೀತು ಮಾಡಬೇಕಿತ್ತಲ್ಲ ನನಗೆ.

"ಬೇಡ ಬಿಡೋ" ಅಂದ ಅಣ್ಣ.

"ಹಿಡ್ಕೋ, ಹಿಡ್ಕೋ! ಎದುರು ಮನೆ ಟ್ಯಾಂಕಿನ ಮೇಲೆ ಕಾಗೆ ಕೂತಿದೆ, ಅದನ್ನ ನೋಡು." ಆಮೇಲೆ, ನನ್ನ ನಾಲಿಗೆಗೆ ಏನು ಬಡಿದಿತ್ತೋ, ಬೆಂಚಿನ ಕಡೆ ತಿರುಗಿ, "ಮೇಡಂ, ಟಿವಿ ನೋಡಿ! ಹಲ್ಲಿನ ಡಾಕ್ಟರ ಕೈ ಹೇಗೆ ಬಂಡೆ ಥರ ಇರುತ್ತೆ ನೋಡಿ!" ಅಂದೆ.

ಎಲ್ಲರೂ ನೋಡಿದರು. ಕಾಗೆ ನಡುಗುತ್ತಿತ್ತು. ಟ್ಯಾಂಕು ನಡುಗುತ್ತಿತ್ತು. ಅಷ್ಟು ಉದ್ದದ ಲೆನ್ಸು, ಅಷ್ಟಗಲದ ಟಿವಿ, ಒಂದಿಷ್ಟೂ ಮುಚ್ಚಿಡೋ ಹಾಗಿರಲಿಲ್ಲ.

"ವೈರ್ ಲೂಸಾಗಿರಬೇಕು ಸಾರ್" ಅಂದ ಅಂಗಡಿಯವನು.

"ವೈರೂ ಇಲ್ಲ, ಎಂಥದ್ದೂ ಇಲ್ಲ. ಅಣ್ಣಾ, ಆಟ ಆಡ್ಬೇಡ, ಮೊಣಕೈ ಎದೆಗೆ ಒತ್ತಿ ಸರಿಯಾಗಿ ಹಿಡ್ಕೋ." ಹಿಡಿದ. ಇನ್ನೂ ಜಾಸ್ತಿಯಾಯಿತು. ಆಗ ನಾನು ಟಿವಿ ಬಿಟ್ಟು ಅವನ ಕೈ ನೋಡಿದೆ. ಬಲಗೈ. ಹಲ್ಲು ಕಚ್ಚಿಕೊಂಡು ಅದನ್ನು ನಿಲ್ಲಿಸೋಕೆ ಹೆಣಗುತ್ತಿದ್ದ, ಅದು ಅವನ ಮಾತೇ ಕೇಳುತ್ತಿರಲಿಲ್ಲ. ಓಡಿಹೋಗಿ ವೈರ್ ಕಿತ್ತೆ. ಟಿವಿ ಕಪ್ಪಾಯಿತು. ಆಗಲೂ ಎಲ್ಲರೂ ಅದನ್ನೇ ನೋಡುತ್ತಾ ಕೂತಿದ್ದರು.

ಮೊದಲು ಬಾಯಿಬಿಟ್ಟವರು ಆ ಹೆಂಗಸು. "ಡಾಕ್ಟ್ರೇ, ನಾಳೆ... ನಾಳೆ ಬರಲ್ಲ ಬಿಡಿ. ನೋವು ಕಡಿಮೆ ಆಗಿದೆ." ಊದಿದ ಕೆನ್ನೆಯಿಂದ ಮಾತೇ ಸರಿಯಾಗಿ ಹೊರಡುತ್ತಿರಲಿಲ್ಲ.

ಅಣ್ಣ ಕ್ಯಾಮೆರಾನ ಮೆಲ್ಲಗೆ ಕೆಳಗಿಟ್ಟ. "ಸುಳ್ಳು ಹೇಳಬೇಡಿ. ಆ ಊತ ಇಟ್ಕೊಂಡು ಒಂದು ದಿನಾನೂ ಕಾಯಬಾರದು. ನಾಳೆ ಬನ್ನಿ, ಹಲ್ಲು ಕೀಳೋದು ನಮ್ಮ ಹೊಸ ಡಾಕ್ಟರಮ್ಮ. ಕೈ ಹೀಗಾದಾಗಿನಿಂದ ನಾನು ಯಾರ ಬಾಯಿಗೂ ಕೈ ಹಾಕಿಲ್ಲ. ಪಕ್ಕದಲ್ಲಿ ನಿಂತು ನೋಡ್ತೀನಿ, ಅಷ್ಟೇ."

ಅಂಗಡಿ ಪೂರ್ತಿ ಕೇಳಿಸಿಕೊಂಡಿತು. ಅವನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅವನ ಬಾಯಿಂದಲೇ, ಆ ಬೆಂಚಿನ ಮುಂದೆ, ನಾನು ಹೇಳಿಸಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಣ್ಣ ಎರಡನೇ ಬಾಡಿ ತೋರಿಸಿ, "ಇದನ್ನ ಪ್ಯಾಕ್ ಮಾಡಿ" ಅಂದ. ನಾನು ಲೆನ್ಸ್ ಕಳಚಿ ಚೀಲಕ್ಕೆ ಹಾಕಿದೆ.

ಹೊರಗೆ ಬಂದಮೇಲೆ, "ನನಗೆ ಗೊತ್ತಿರಲಿಲ್ಲ ಅಣ್ಣ" ಅಂದೆ. ಎಂಥಾ ದರಿದ್ರ ಮಾತು, ಆದರೆ ಬೇರೆ ಏನೂ ಹೊಳೆಯಲಿಲ್ಲ.

"ಗೊತ್ತಾಗಲಿ ಅಂತಾನೇ ದಾರೀಲಿ ಕೇಳಿದ್ದು ಕಣೋ. ಯಾಕೆ ಅಂತ ನೀನು ಕೇಳ್ತೀಯ, ಆಗ ಹೇಳೋಣ ಅಂದ್ಕೊಂಡಿದ್ದೆ." ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿಕೊಂಡು ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. "ನಿಮ್ಮ ಅತ್ತಿಗೆಗೂ ಹೇಳಿಲ್ಲ. ಈಗಲೇ ಹೇಳಿಬಿಡಬೇಕು, ಇಲ್ಲಾಂದ್ರೆ ಬೇರೆ ಯಾರಿಂದಲೋ ಕೇಳ್ತಾಳೆ. ನೀನೂ ಬಾ."

ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದರು. ನನ್ನನ್ನು ನೋಡಿ, "ಬಂತಪ್ಪ ರೇಡಿಯೋ! ಹೇಳು, ಯಾವುದು ತಗೊಂಡ್ರಿ? ಅದನ್ನೇ ಯಾಕೆ ತಗೊಂಡ್ರಿ?" ಅಂತ ನಕ್ಕರು. ಕ್ಯಾಮೆರಾ ಬಗ್ಗೆ ಒಬ್ಬರು ತಾವಾಗಿಯೇ ಕೇಳಿದ್ದರು, ನಾನು ಡಬ್ಬಿಯನ್ನು ಅಣ್ಣನ ಕಡೆ ತಳ್ಳಿದೆ.

ಅಣ್ಣ ಅವರ ಪಕ್ಕ ಕೂತು ಬಲಗೈ ಮುಂದೆ ಚಾಚಿದ. ಸುಮ್ಮನೆ ಹಾಗೇ ಹಿಡಿದ. "ಇದಕ್ಕೆ ತಗೊಂಡಿದ್ದು" ಅಂದ.

ಅತ್ತಿಗೆ ಕೈಯಲ್ಲಿದ್ದ ಬಟ್ಟೆ ಬಿಟ್ಟು ಆ ಕೈಯನ್ನು ತಮ್ಮೆರಡು ಕೈಯೊಳಗೆ ಹಿಡಿದುಕೊಂಡರು. "ಇಷ್ಟು ದಿನ ಒಬ್ಬರೇ ನುಂಗ್ಕೊಂಡಿದ್ರಾ?" ಅಂದಾಗ ಅವರ ದನಿ ಒಡೆಯಿತು.

ಅಣ್ಣ ನನ್ನ ಕಡೆ ನೋಡಲಿಲ್ಲ. "ಒಬ್ಬನೇ ಎಲ್ಲಿ? ಇವನಿಗೆ ಹೇಳಿದ್ದೆ. ಇವನೇ ಯೋಚನೆ ಮಾಡಿ, ನನ್ನ ಕೈಗೆ ಆಗೋ ಅಂಥದ್ದನ್ನ ಆರಿಸಿಕೊಟ್ಟ" ಅಂದ.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ಆ ಬೆಂಚಿನ ಮೇಲಿದ್ದವರಲ್ಲಿ ಯಾರಾದರೊಬ್ಬರು ನಾಳೆಯೋ ನಾಡಿದ್ದೋ ಇವರಿಗೆ ಎಲ್ಲವನ್ನೂ ಹೇಳಿಯೇ ಹೇಳುತ್ತಾರೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಪುಣ್ಯ ಕಣಪ್ಪ" ಅಂದರು. "ನೀನಾದರೂ ಜೊತೆಗಿದ್ದೆಯಲ್ಲ."

ನಾನು, "ಹ್ಞೂಂ ಅತ್ತಿಗೆ" ಅಂದೆ.