ನಲವತ್ತೊಂದನೇ ನಂಬರು

ಎಂಬತ್ತೊಂದನೇ ಇಸವಿಯ ಗಾಂಧಿ ಜಯಂತಿಗೆ ತಾಯಲೂರಿನ ಯುವಕ ಸಂಘದವರು ಓಟದ ಸ್ಪರ್ಧೆ ಇಟ್ಟುಕೊಂಡಿದ್ದರು. ಕೆರೆಯ ಕೋಡಿಯಿಂದ ಹೊರಟು ಏರಿಯ ಮೇಲೆ ಓಡಿ ಶಾಲೆಯ ಅಂಗಳ ಸೇರಬೇಕು. ಒಂದೂವರೆ ಕಿಲೋಮೀಟರು ದಾರಿ. ಓಡುವವರ ಎದೆಗೆ ಕಟ್ಟುವ ನಂಬರಿನ ಬಟ್ಟೆ ಹೊಲಿಯುವ ಕೆಲಸ ಅನಸೂಯಮ್ಮನಿಗೆ ಬಂತು.

ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಅನಸೂಯಮ್ಮನಿಗೆ ಇಪ್ಪತ್ತಾರು ವರ್ಷ. ಮೂರನೇ ವಯಸ್ಸಿಗೆ ಪೋಲಿಯೋ ಬಂದು ಎಡಗಾಲು ಸಣಕಲಾಗಿತ್ತು. ಎಡಗೈಯನ್ನು ಆ ಮೊಣಕಾಲ ಮೇಲೆ ಊರಿ, ಹೆಜ್ಜೆಗೊಮ್ಮೆ ಬಗ್ಗಿ ಏಳುತ್ತ ನಡೆಯುತ್ತಿದ್ದಳು. ಮೆಷಿನ್ ತುಳಿಯಲು ಬಲಗಾಲೊಂದೇ ಸಾಕಿತ್ತು.

ಶಾಲೆಯ ಡ್ರಿಲ್ ಮೇಷ್ಟ್ರು ಶ್ರೀನಿವಾಸಪ್ಪ ಬಂದು ಬಟ್ಟೆಗಳನ್ನು ಎಣಿಸಿದರು.

"ನಲವತ್ತು ಹೇಳಿದ್ದೆ. ಒಂದು ಜಾಸ್ತಿ ಐತಲ್ಲಮ್ಮ."

"ಅದು ನಂದು ಸಾರ್."

ಮೇಷ್ಟ್ರು ತಮಾಷೆಯೆಂದುಕೊಂಡು ನಕ್ಕರು. ಅವಳು ನಗಲಿಲ್ಲ. ಆಗ ಅವರು ಸಮಾಧಾನವಾಗಿ ತಿಳಿಸಿ ಹೇಳಿದರು: ಇದು ಅಂಗವಿಕಲರ ವರ್ಷವೆಂದು ಸರ್ಕಾರದಿಂದ ಕಾಗದ ಬಂದಿದೆ, ಅಂಥವರಿಗಾಗಿಯೇ ಕೂತಲ್ಲಿಂದ ಚೆಂಡು ಎಸೆಯುವ ಆಟ ಬೇರೆ ಇಟ್ಟಿದ್ದೇವೆ, ಅದಕ್ಕೂ ಬಹುಮಾನವಿದೆ.

"ದಿನಾ ಕೂತೇ ಇರ್ತೀನಿ ಸಾರ್. ಕೂರೋಕೆ ಅಂತ ಸ್ಕೂಲಿಗ್ಯಾಕೆ ಬರ್ಲಿ?" ಎಂದಳು ಅನಸೂಯಮ್ಮ. ಮತ್ತೆ, "ಕೊನೇಗೆ ಬರ್ತೀನಿ, ಗೊತ್ತು. ಮೂರನೆಯವನು ಬಂದ ತಕ್ಷಣ ನೀವು ಓಟ ಮುಗಿಯೋ ಕಡೆ ಕಟ್ಟಿರೋ ಹಗ್ಗ ಬಿಚ್ಚಿಬಿಡ್ತೀರ. ನಾನು ಬರೋಗಂಟ ಬಿಚ್ಬೇಡಿ. ಅಷ್ಟೇ," ಎಂದಳು.

ಮೇಷ್ಟ್ರು ನಲವತ್ತು ಬಟ್ಟೆ ಎತ್ತಿಕೊಂಡು, ನಲವತ್ತೊಂದನೆಯದನ್ನು ಅವಳಿಗೆಂದು ಮೆಷಿನ್ ಮೇಲೇ ಬಿಟ್ಟು ಹೋದರು.

ಸುದ್ದಿ ಊರೆಲ್ಲ ಹರಡಿತು. ಎರಡು ದಿನದ ಮೇಲೆ ಸೊಣ್ಣಪ್ಪ ಮೇಷ್ಟ್ರ ಮನೆಗೆ ಬಂದ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಪ್ರತಿ ವರ್ಷ ಓಡುತ್ತಿದ್ದ; ಸೀಟಿ ಕೇಳಿಸದೆ, ಬೇರೆಯವರು ಹೊರಟದ್ದನ್ನು ನೋಡಿಯೇ ಹೊರಡುತ್ತಿದ್ದ. ಅವನು ಮೇಷ್ಟ್ರ ಕೊರಳಲ್ಲಿದ್ದ ಸೀಟಿ ತೋರಿಸಿದ, ತನ್ನ ಕಿವಿ ತೋರಿಸಿದ, ಆಮೇಲೆ ಹೆಗಲ ಟವೆಲನ್ನು ಎತ್ತಿ ಹಿಡಿದು ನೆಲಕ್ಕೆ ಬಿಟ್ಟ. ಆರು ವರ್ಷದಿಂದ ತಮಗೆ ಇದು ಹೊಳೆದಿರಲಿಲ್ಲವಲ್ಲ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು. ಈ ಸಲ ಸೀಟಿಯ ಬದಲು ಟವೆಲೇ ಎಂದು ಸಂಘದವರಿಗೆ ಹೇಳಿದರು.

ಅನಸೂಯಮ್ಮನ ತಾಯಿ ಮುನಿಯಲ್ಲಮ್ಮ ಮಾತ್ರ ಒಪ್ಪಲಿಲ್ಲ. ಕೋಪ ಬಂದರೆ ಆಕೆಯ ಬಾಯಿಗೆ ತೆಲುಗೇ ಬರುತ್ತಿದ್ದುದು. ದಿನಾ ನಾಲ್ಕು ಜನ ನೋಡುವುದು ಸಾಲದೆಂದು ಊರಿಗೆ ಊರೇ ನೋಡಲಿ ಅಂತೀಯಾ ಎಂದು ತೆಲುಗಿನಲ್ಲೇ ಬೈದಳು. ಜಯಂತಿಯ ದಿನ ಶಾಲೆಯ ಕಡೆ ಸುಳಿಯದೆ, ಕೆರೆಯಾಚೆಯ ರಾಗಿ ಹೊಲದಲ್ಲಿ ಕಳೆ ಇದೆಯೆಂದು ಹೊರಟುಹೋದಳು.

ಬೆಳಿಗ್ಗೆ ಎಂಟಕ್ಕೆ ಟವೆಲ್ ಬಿತ್ತು. ಹುಡುಗರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಂದೆ ಹೋದರು. ಏರಿಯ ಮೇಲೆ ಅನಸೂಯಮ್ಮ ಒಬ್ಬಳೇ ಉಳಿದಳು. ಸ್ವಲ್ಪ ದೂರಕ್ಕೇ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಎರಡನ್ನೂ ಬಿಟ್ಟು ಬರಿಗಾಲಲ್ಲಿ ನಡೆದಳು. ಬೆವರಿಗೆ ಅಂಗೈ ಮೊಣಕಾಲ ಮೇಲಿಂದ ಜಾರುತ್ತಿತ್ತು. ತೂಬಿನ ಹತ್ತಿರ ಉಸಿರು ಕಟ್ಟಿದಂತಾಗಿ ನಿಂತಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು, ಬಾ ಕೂತ್ಕೋ ಎಂದು ಕರೆದರು. ಕೂತರೆ ಏಳುವುದೇ ಇನ್ನೊಂದು ಕೆಲಸವೆಂದು ತಲೆಯಾಡಿಸಿ ಮತ್ತೆ ಹೊರಟಳು.

ಶಾಲೆಯಲ್ಲಿ ಹತ್ತು ನಿಮಿಷಕ್ಕೆಲ್ಲ ಓಟ ಮುಗಿದಿತ್ತು. ಸೊಣ್ಣಪ್ಪನೇ ಮೊದಲು ಬಂದಿದ್ದ. ಅವನು ನುಗ್ಗಿದ ರಭಸಕ್ಕೆ ಹಗ್ಗ ಕಟ್ಟಿದ್ದ ಗೂಟವೊಂದು ಕಿತ್ತುಬಂದಿತ್ತು. ತಾಲ್ಲೂಕಿನಿಂದ ಬಂದಿದ್ದ ಅಧಿಕಾರಿಗೆ ಮುಳಬಾಗಿಲಿನಲ್ಲಿ ಇನ್ನೊಂದು ಸಭೆ ಇತ್ತು. ಒಬ್ಬರು ಇನ್ನೂ ದಾರಿಯಲ್ಲಿದ್ದಾರೆ ಎಂದು ಮೇಷ್ಟ್ರು ಹೇಳಿದರೂ ಅವರು ಗಡಿಯಾರ ನೋಡಿಕೊಂಡು ಎದ್ದು ನಿಂತರು. ಮೈಕಿನಲ್ಲಿ ಮೊದಲ ಬಹುಮಾನಕ್ಕೆ ಸೊಣ್ಣಪ್ಪನ ಹೆಸರು ಕೂಗಿದರು. ಮೂರು ಸಲ ಕೂಗಿದರು. ಅವನಿಗೆ ಕೇಳಿಸುವುದೆಲ್ಲಿ? ಕಿತ್ತ ಗೂಟದ ಕಡೆಯ ಹಗ್ಗವನ್ನು ತಾನೇ ಎತ್ತಿ ಹಿಡಿದುಕೊಂಡು ಏರಿಯ ಕಡೆ ನೋಡುತ್ತ ನಿಂತಿದ್ದ. ಅವನು ನೋಡುತ್ತಿದ್ದ ಕಡೆಗೆ ಜನರೂ ತಿರುಗಿದರು. ದೂರದಲ್ಲಿ ಬಗ್ಗಿ ಏಳುತ್ತ, ಬಗ್ಗಿ ಏಳುತ್ತ ನೀಲಿ ಸೀರೆಯೊಂದು ಬರುತ್ತಿತ್ತು. ಅಧಿಕಾರಿ ಒಂದು ಕ್ಷಣ ನಿಂತೇ ನೋಡಿ, ಮತ್ತೆ ಕುರ್ಚಿಯಲ್ಲಿ ಕುಳಿತರು.

ಮೂವತ್ತೆಂಟನೇ ನಿಮಿಷಕ್ಕೆ ಅವಳು ಅಂಗಳಕ್ಕೆ ಬಂದಳು. ಮೊದಮೊದಲು ಯಾರೂ ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ದಾರಿ ಬಿಟ್ಟರು. ಎದೆಗೆ ಹಗ್ಗ ತಾಗಿದಾಗ ಸೊಣ್ಣಪ್ಪ ಕೈಬಿಟ್ಟ. ಆಗ ಎದ್ದ ಗಲಾಟೆ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ಅನಸೂಯಮ್ಮ ಕುಡಿಯಲು ನೀರು ಕೇಳಿದಳು.

ಸಂಜೆ ಮುನಿಯಲ್ಲಮ್ಮ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು ಮಗಳ ಕಾಲು ನೀವತೊಡಗಿದಳು. ನೀವುತ್ತಲೇ ಕೇಳಿದಳು:

"ತೂಬಿನತ್ರ ಅಷ್ಟೊತ್ತು ಯಾಕೆ ನಿಂತಿದ್ದೆ?"

ಅನಸೂಯಮ್ಮ ತಾಯಿಯ ಮುಖ ನೋಡಿದಳು. "ಉಸಿರು ಹಿಡಿತಮ್ಮ."

"ಮುಂದಿನ ವರ್ಷ ಅಲ್ಲಿ ನಿಲ್ಬೇಡ ಕಣೇ. ನಿಂತ್ರೆ ಕಾಲು ಬಿಗಿಯುತ್ತೆ," ಎಂದು ಮುನಿಯಲ್ಲಮ್ಮ ಇನ್ನಷ್ಟು ಎಣ್ಣೆ ಅಂಗೈಗೆ ಸುರಿದುಕೊಂಡಳು.