ಗುಮ್ಮಟದಂಥ ಬೆಸುಗೆ

"ಇವರ ಮೇಲೆ ನಿಮ್ಮ ಹಕ್ಕೇನಾದರೂ ಇದ್ದರೆ ಬಿಟ್ಟುಕೊಟ್ಟಿರಾ?"

ಇಮಾಮರು ಎರಡನೇ ಸಲ ಕೇಳಿದಾಗ ನೆರ್ಮಿನ್ ಕತ್ತು ಹೊರಳಿಸಿ ಹೆಂಗಸರ ಸಾಲನ್ನು ನೋಡುತ್ತಿದ್ದಳು. ಮಸೀದಿಯ ಅಂಗಳದ ಕಲ್ಲಿನ ಮೇಲೆ ಹಸಿರು ಹೊದಿಕೆಯ ಶವಪೆಟ್ಟಿಗೆಯಲ್ಲಿ ಅಪ್ಪ ಮಲಗಿದ್ದ.

"ಬಿಟ್ಟುಕೊಟ್ಟೆವು, ಹಲಾಲ್ ಆಗಲಿ" ಎಂದರು ಎಲ್ಲರೂ. ಶುಕ್ರಾನ್ ಟೀಚರ ತುಟಿ ಮಾತ್ರ ಹೊಲಿದ ಹಾಗಿತ್ತು. ಮೂರನೇ ಸಲವೂ ಅವರು ಕನ್ನಡಕದ ಹಿಂದಿನಿಂದ ಪೆಟ್ಟಿಗೆಯನ್ನೇ ದಿಟ್ಟಿಸುತ್ತ ಸುಮ್ಮನೆ ನಿಂತರು.

ಒಬ್ಬರ ಹಕ್ಕು ಉಳಿದರೂ ಸತ್ತವನು ಅದನ್ನು ಹೊತ್ತುಕೊಂಡೇ ಆ ಲೋಕದ ಬಾಗಿಲಿಗೆ ಹೋಗಬೇಕು. ಅದನ್ನು ಅಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಸೆಹೆರ್ ಅತ್ತೆ ಒಲೆಯ ಮುಂದೆ ನಿಂತು ಹಲ್ವಾಕ್ಕೆ ರವೆ ಹುರಿಯತೊಡಗಿದಳು. ಸತ್ತವನ ಅಕ್ಕ; ಅಳುವುದನ್ನೂ ಬೈಯುವುದನ್ನೂ ಒಂದೇ ಉಸಿರಿನಲ್ಲಿ ಮಾಡಬಲ್ಲವಳು.

"ಆ ಟೀಚರಮ್ಮ ಯಾಕೆ ಮೂತಿ ಬಿಗಿದುಕೊಂಡು ನಿಂತಿದ್ಲು?"

ಪಕ್ಕದ ಮನೆಯ ಪೆರಿಹಾನ್ ದನಿ ತಗ್ಗಿಸಿದಳು. "ನಿಮಗೆ ಗೊತ್ತಿಲ್ವಾ ಅಕ್ಕ? ನಿಮ್ಮ ತಮ್ಮ ರಿಫ್ಕಿ ಉಸ್ತಾ ರಿಪೇರಿಗೆ ಬಂದು, ಅವಳ ಪಾತ್ರೆ ತೊಳೆಯೋ ಮಷಿನ್ನಿಂದ ಹೊಸಾ ಬೋರ್ಡು ಎತ್ಕೊಂಡು ಹಳೇದು ತುರುಕಿಟ್ಟ ಅಂತ ಬ್ರೆಡ್ ಅಂಗಡಿ ಸಾಲಲ್ಲಿ ನಿಂತು ಹೇಳ್ಕೊಂಡು ಬರ್ತಾಳೆ."

"ನನ್ನ ತಮ್ಮ ಕದಿಯೋದಾ? ಚಿಕ್ಕೋನಿದ್ದಾಗ ಒಂದು ಸಕ್ಕರೆ ಉಂಡೆ ಕದಿಯೋಕೆ ಹೋಗಿ ಡಬ್ಬಾನೇ ಕಾಲ ಮೇಲೆ ಬೀಳಿಸ್ಕೊಂಡವನು!"

ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ತೊಟ್ಟಿಯಲ್ಲಿ ಚಹಾ ಲೋಟ ತೊಳೆಯುತ್ತಿದ್ದ ಅವಳ ಕೈ ಒಂದು ಕ್ಷಣ ನಿಂತದ್ದನ್ನು ನೆರ್ಮಿನ್ ಕಂಡಳು. ಅಮ್ಮನ ಪಕ್ಕದಲ್ಲೇ ಅವರ ಮನೆಯ ಮಷಿನ್ ಇತ್ತು. ರಂಜಾನಿನಿಂದ ಅದರ ದೀಪ ಹೊತ್ತಿಲ್ಲ. ಕೇಳಿದಾಗಲೆಲ್ಲ ಅಪ್ಪ, "ಪಾರ್ಟು ಬರಬೇಕು ಕಣೇ" ಅನ್ನುತ್ತಿದ್ದ. ಊರಿನವರ ಮಷಿನ್ನಿಗೆಲ್ಲ ಬಂದ ಪಾರ್ಟು ತನ್ನ ಮನೆಗೆ ಮಾತ್ರ ಯಾಕೆ ಬರಲಿಲ್ಲ?

ನೆರ್ಮಿನ್‌ಗೆ ಅಪ್ಪನ ಮೇಲೇ ಅನುಮಾನ ಬಂತು. ಮಣ್ಣು ಇನ್ನೂ ಹಸಿಯಿರುವಾಗ ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಅವಳು ಅಪ್ಪನ ರಿಪೇರಿ ಚೀಲ ಹೆಗಲಿಗೇರಿಸಿದಳು.

"ಈಗೆಲ್ಲಿಗೆ?" ಎಂದಳು ಅಮ್ಮ.

"ಟೀಚರ ಮನೆಗೆ."

ಅಮ್ಮ ಬೇಡ ಅನ್ನಲಿಲ್ಲ. ಅದೇ ಅವಳನ್ನು ಇನ್ನಷ್ಟು ಹೆದರಿಸಿತು.

*

ಹಿಂದಿನ ಮಾತು; ನೆರ್ಮಿನ್‌ಗೆ ಆಗ ಹದಿನೈದು. ಮನೆಯ ಮಷಿನ್ ನೀರು ಕಾಯಿಸುವುದನ್ನು ನಿಲ್ಲಿಸಿತ್ತು. ಅಪ್ಪ ಅದರ ಬಾಗಿಲ ಒಳಗಿನಿಂದ ಸರ್ಕ್ಯೂಟ್ ಬೋರ್ಡು ಬಿಚ್ಚಿ, ಹೀಟರಿಗೆ ಕರೆಂಟು ಬಿಡುವ ರಿಲೇಯ ಕಾಲು ತೋರಿಸಿದ. ಸುತ್ತ ಕೂದಲೆಳೆಯಷ್ಟು ಬಿರುಕು.

"ಅಂಗಡಿಯವರು ಇಡೀ ಬೋರ್ಡು ಬದಲಾಯಿಸು ಅಂತಾರೆ. ನಾವು ಒಂದು ಹನಿ ತವರದಲ್ಲಿ ಮುಗಿಸ್ತೀವಿ. ಹಿಡಿ ಬೆಸುಗೆ ಕಡ್ಡಿ."

ಅವಳು ಉಸಿರು ಬಿಗಿಹಿಡಿದು ತವರ ಕರಗಿಸಿದಳು. ಹನಿ ದಪ್ಪಗೆ ಉಬ್ಬಿ ಕೂತಿತು.

"ಶಹಬ್ಬಾಸ್! ಗುಮ್ಮಟ ಕಟ್ಟಿಬಿಟ್ಟೆ. ಮಿನಾರ್ ಒಂದು ಬಾಕಿ."

"ತೆಗೆದು ಸರಿ ಮಾಡಲಾ ಅಪ್ಪ?"

"ಬೇಡ, ಇರಲಿ." ಅವನು ಅದನ್ನು ದೀಪಕ್ಕೆ ಹಿಡಿದು ನೋಡಿದ. "ಚೆಂದ ಇದೆ."

*

ಶುಕ್ರಾನ್ ಟೀಚರು ಬಾಗಿಲನ್ನು ಅರ್ಧ ಮಾತ್ರ ತೆರೆದರು. ಬೀದಿಯ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ಕೈ ಚಿಲಕದ ಮೇಲೇ ಇತ್ತು.

"ನನ್ನ ಬಾಯಿ ಬಿಡಿಸೋಕೆ ಬಂದಿದ್ದೀಯಾ?"

"ಮಷಿನ್ ನೋಡೋಕೆ ಬಂದೆ, ಟೀಚರ್."

"ನೋಡು. ನಾನು ಇಲ್ಲೇ ಕೂತಿರ್ತೀನಿ. ಒಂದು ಸಲ ನಿಮ್ಮಪ್ಪನ್ನ ನಂಬಿ ಬ್ರೆಡ್ ತರೋಕೆ ಹೊರಗೆ ಹೋದೆ, ಸಾಕಾಗಿದೆ."

ಇಡೀ ಬೀದಿಯ ಮಷಿನ್ನುಗಳದ್ದು ಒಂದೇ ಮಾದರಿ, ಅಪ್ಪನೇ ಕೊಡಿಸಿದ್ದು. ನೆರ್ಮಿನ್ ಮಷಿನ್ ಓಡಿಸಿದಳು. ನೀರು ತುಂಬಿತು, ತಿರುಗಿತು, ಕಾಯಲಿಲ್ಲ. ಕರೆಂಟು ಕಿತ್ತು ಹೀಟರಿಗೆ ಮೀಟರು ಹಚ್ಚಿದಳು. ಹೀಟರ್ ಚೆನ್ನಾಗಿಯೇ ಇತ್ತು. ಬಾಗಿಲ ಒಳಹಲಗೆಯ ಸ್ಕ್ರೂ ಒಂದೊಂದಾಗಿ ತೆಗೆದು ಬೋರ್ಡು ಹೊರಗೆಳೆದಳು.

ಹೀಟರಿನ ರಿಲೇಯ ಕಾಲಿನ ಮೇಲೆ ಒಂದು ದಪ್ಪ ಗುಮ್ಮಟ ಕೂತಿತ್ತು.

ಅವಳು ಬೋರ್ಡನ್ನು ಬೆಳಕಿಗೆ ಹಿಡಿದಳು. ತನ್ನ ಬೆಸುಗೆ ತನಗೆ ಗೊತ್ತಾಗದೇ ಇರುತ್ತದೆಯೇ?

"ಹಳೇದು ತಾನೆ?" ಎಂದರು ಟೀಚರು.

ಅಲ್ಲ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಸುಳ್ಳು ಹೇಳಿ ಬಿಡಿಸಿಕೊಂಡ ಹಕ್ಕು ಅಪ್ಪನ ಹೆಗಲಿನಿಂದ ಇಳಿಯುವುದು ಹೇಗೆ?

"ಹಳೇದೇ. ನಮ್ಮನೇದು."

"ನಾನು ಹೇಳಲಿಲ್ವಾ!" ಟೀಚರು ಎದ್ದೇಬಿಟ್ಟರು. "ಹಾಗಾದ್ರೆ ನಂದು ಎಲ್ಲಿ? ನಿಮ್ಮ ಅಡಿಗೆಮನೇಲಿ ಪಾತ್ರೆ ತೊಳೀತಿದೆಯಾ?"

"ನಮ್ಮಮ್ಮ ರಂಜಾನಿಂದ ಕೈಯಲ್ಲೇ ತೊಳೀತಿದ್ದಾಳೆ."

ಹಾಗೆಂದವಳೇ ನೆರ್ಮಿನ್ ಚೀಲ ಮಗುಚಿದಳು. ತಿರುಪು, ತವರದ ಸುರುಳಿ, ತಳದಲ್ಲಿ ಕಾಗದ ಸುತ್ತಿದ ಒಂದು ಬೋರ್ಡು. ಬಿಚ್ಚಿ ನೋಡಿದರೆ, ತಾಮ್ರದ ಗೆರೆಗಳ ಮೇಲೆ ಕಾದ ಬೆಸುಗೆ ಕಡ್ಡಿ ಜಾರಿ ಜಾರಿ ಸುಟ್ಟ ಗುರುತು. ಒಂದಲ್ಲ, ಐದಾರು. ಗೆರೆಗಳೇ ಎದ್ದು ಬಂದಿದ್ದವು. ಅದನ್ನು ಇನ್ನು ಯಾರೂ ಬದುಕಿಸುವಂತಿರಲಿಲ್ಲ.

ಕಾಗದದ ಮೇಲೆ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಟೀಚರು ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದರು. 'ಶುಕ್ರಾನ್ ಟೀಚರದು. ನನ್ನ ಕೈಯಿಂದ ಹಾಳಾಯಿತು. ಹೇಳಬೇಕು.' ಅಕ್ಷರಗಳು ಸಾಲು ಬಿಟ್ಟು ಮೇಲೆ ಹತ್ತಿ ಕೆಳಗೆ ಬಿದ್ದಿದ್ದವು.

"ಇದು ರಿಫ್ಕಿ ಬರೆದದ್ದಾ? ಒಂದನೇ ಕ್ಲಾಸಿನ ಮಕ್ಕಳು ಇದಕ್ಕಿಂತ ಚೆನ್ನಾಗಿ ಬರೀತಾವೆ." ಅವರು ಮತ್ತೊಮ್ಮೆ ಓದಿದರು. ಈ ಸಲ ಬೆರಳಿಂದ ಗೆರೆ ಹಿಡಿದು. "ಅವನ ಕೈ ಯಾವಾಗಿಂದ ನಡುಗ್ತಿತ್ತು ಮಗಳೇ?"

"ನನಗೂ ಹೇಳಿರಲಿಲ್ಲ." ಇತ್ತೀಚೆಗೆ ಅಪ್ಪ ಚಹಾ ಲೋಟವನ್ನು ತುಂಬಿಸಿಕೊಳ್ಳುತ್ತಲೇ ಇರಲಿಲ್ಲ, ಅರ್ಧ ಸಾಕು ಎನ್ನುತ್ತಿದ್ದ. "ಅಮ್ಮನಿಗೆ ಗೊತ್ತಿತ್ತೇನೋ."

ಅವಳು ಕೇಳಿದ್ದಕ್ಕೆ ಟೀಚರು ಪೆನ್ಸಿಲ್ ತಂದುಕೊಟ್ಟರು. ನೆರ್ಮಿನ್ ಅದರ ಹಿಂಬದಿಯಿಂದ ರಿಲೇಯನ್ನು ಮೆಲ್ಲಗೆ ಒತ್ತಿದಳು. ಗುಮ್ಮಟದ ಬುಡದಲ್ಲಿ ಕಾಲು ಅಲ್ಲಾಡಿತು.

"ನನ್ನ ಬೆಸುಗೆನೇ ಬಿಟ್ಟಿರೋದು ಟೀಚರ್. ಮೇಲೆ ಉಬ್ಬಿದೆ, ಒಳಗೆ ಹಿಡಿದಿಲ್ಲ. ನಿಮ್ಮದು ಹಾಳಾಯ್ತು ಅಂತ ಅಪ್ಪ ಇದನ್ನ ನಂಬಿ, ನಮ್ಮನೆ ಮಷಿನ್ನಿಂದ ಬಿಚ್ಚಿ ನಿಮಗೆ ಹಾಕಿದ."

"ಅಲ್ಲಿಗೆ ನಾನು ಹಕ್ಕು ಬಿಟ್ಟುಕೊಡಬೇಕಾದದ್ದು ನಿನಗೋ, ನಿಮ್ಮಪ್ಪನಿಗೋ?"

"ಮೊದಲು ನೀರು ಕಾಯಲಿ."

ಅವಳು ಹಳೆಯ ತವರವನ್ನೆಲ್ಲ ಹೀರಿ ತೆಗೆದು, ಕಾಲನ್ನು ಉಜ್ಜಿ, ಹೊಸದಾಗಿ ಬೆಸೆದಳು. ಈ ಸಲ ಹನಿ ತೆಳ್ಳಗೆ ಹರಿದು ಕಾಲನ್ನು ತಬ್ಬಿತು. ಬೋರ್ಡು ಕೂರಿಸಿ, ಹಲಗೆ ಮುಚ್ಚಿ, ಗುಂಡಿ ಒತ್ತಿದಳು. ಇಬ್ಬರೂ ಎದುರುಬದುರಾಗಿ ಕೂತರು. ಗಡಿಯಾರದ ಮುಳ್ಳು ಅರ್ಧ ಸುತ್ತು ಸುತ್ತಿತು. ಟೀಚರಿಗೆ ತಡೆಯಲಾಗಲಿಲ್ಲ, ಎದ್ದು ಹೋಗಿ, ಓಡುತ್ತಿದ್ದ ಮಷಿನ್ನಿನ ಬಾಗಿಲನ್ನು ಸೆಳೆದೇಬಿಟ್ಟರು.

ಬಿಸಿ ಹಬೆ ಬುಸ್ಸೆಂದು ಅವರ ಮುಖಕ್ಕೆ ಏರಿತು. ಕನ್ನಡಕದ ಎರಡು ಗಾಜೂ ಹಾಲಿನ ಹಾಗೆ ಬೆಳ್ಳಗಾದವು. ಅವರು ಅದನ್ನು ಒರೆಸಲಿಲ್ಲ. ಕಾಣದ ಕಣ್ಣಿನಲ್ಲೇ ನೆರ್ಮಿನ್ ಇದ್ದ ಕಡೆಗೆ ತಿರುಗಿ, ತರಗತಿಯ ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ, "ಹಲಾಲ್ ಆಗಲಿ" ಎಂದರು. ಇನ್ನೊಮ್ಮೆ ಎಂದರು. ಮೂರನೆಯದಕ್ಕೆ ದನಿ ಹೊರಡಲಿಲ್ಲ. ಬೆಳ್ಳಗಿನ ಗಾಜಿನ ಕೆಳಗೆ ತುಟಿ ಮಾತ್ರ ಅಲುಗಿತು.